ತೊಳೆದಿಟ್ಟ ಗಂಗಳ

ಮಲ್ಲಾಜಮ್ಮನಿಗೆ ಆ ನಾಲ್ವರ ದನಿ ಗೊತ್ತಿತ್ತು, ಹಸಿವು ಗೊತ್ತಿತ್ತು. ಮುಖ ಗೊತ್ತಿರಲಿಲ್ಲ.

ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ, ಮೈಸೂರಿನಲ್ಲೂ ಜನರ ಸರ್ಕಾರ ಬೇಕೆಂದು ಚಳವಳಿ ನಡೆದಿತ್ತು. ಪೊಲೀಸರಿಂದ ತಪ್ಪಿಸಿಕೊಂಡ ನಾಲ್ವರು ಯುವಕರು ಬೆಟ್ಟದಪುರದ ಹತ್ತಿರವಿದ್ದ ಅವಳ ಗಂಡನ ಮನೆಯ ಅಟ್ಟದಲ್ಲಿ ಅಡಗಿದ್ದರು. ಅವಳು ಹೊಸ ಸೊಸೆ, ಪರಗಂಡಸರೆದುರು ಬರುವಂತಿರಲಿಲ್ಲ. ಮುದ್ದೆ ಕಟ್ಟುವುದು ಅವಳು, ಬಡಿಸುವುದು ಅತ್ತೆ. ಉಂಡ ಗಂಗಳಗಳು ತೊಳೆಯಲು ಮತ್ತೆ ಅವಳ ಮುಂದೆಯೇ ಬಂದು ಬೀಳುತ್ತಿದ್ದವು.

ಸುಮಾರು ಅರವತ್ತು ವರ್ಷದ ನಂತರ, ಮೈಸೂರಿನಲ್ಲಿ ರಾಜ್ಯಶಾಸ್ತ್ರ ಓದುತ್ತಿದ್ದ ಹರ್ಷಿತಾ ಮತ್ತು ಯತೀಶ್ ಅವಳ ಜಗಲಿಯಲ್ಲಿ ಕ್ಯಾಮೆರಾ ನಿಲ್ಲಿಸಿ, ಲ್ಯಾಪ್‌ಟಾಪ್ ತೆರೆದು ಕೂತರು. ಚಳವಳಿಯ ಬಗ್ಗೆ ತರಗತಿಯಲ್ಲಿ ತೋರಿಸಲು ಸಿ.ಡಿ. ಮಾಡುತ್ತಿದ್ದರು. ಅಟ್ಟದಲ್ಲಿ ಅಡಗಿದ್ದ ನಾಲ್ವರ ಹಳೆಯ ಫೋಟೊ ಪರದೆಯ ಮೇಲಿತ್ತು; ಕೊನೆಯವನ ಹೆಸರು ಅವರಿಬ್ಬರಿಗೂ ಗೊತ್ತಿರಲಿಲ್ಲ.

"ಅಷ್ಟು ದಿನ ಊಟ ಹಾಕಿ ಮುಖ ನೋಡ್ಲಿಲ್ವಾ ಅಜ್ಜಿ?" ಎಂದ ಯತೀಶ್.

"ನೋಡಿದ್ರೆ ನಮ್ಮತ್ತೆ ನಂಗೆ ತವ್ರುಮನೆ ದಾರಿ ತೋರ್ಸೋಳು ಕಣಪ್ಪ." ಮಲ್ಲಾಜಮ್ಮ ನೆನೆಸಿದ ಅವರೆಕಾಳಿನ ಬೋಗುಣಿಯನ್ನು ಅವನತ್ತ ತಳ್ಳಿದಳು. "ಸುಮ್ನೆ ಕುಂತಿದೀಯಲ್ಲ, ಇತುಕು."

ಅವನು ಕಾಳು ಹಿತುಕಿದ. ಅದು ಸಿಪ್ಪೆಯಿಂದ ಜಿಗಿದು ಅವನ ಕನ್ನಡಕಕ್ಕೆ ಬಡಿಯಿತು.

ಅವಳು ಪರದೆಗೆ ಮುಖ ತಂದು ಒಂದೊಂದೇ ಮೋರೆಯನ್ನು ಹುಡುಕಿದಳು. "ಒಬ್ಬ ಸೊಪ್ಪು ಮುಟ್ತಿರ್ಲಿಲ್ಲ. ದೇಸ ಉದ್ಧಾರ ಮಾಡಕ್ಕೆ ಒಂಟೋನು, ಸೊಪ್ಪಿಗೆ ಎದ್ರುತಾನೆ! ಅವ್ನು ಯಾರಾದ್ರೂ ಆಗ್ಲಿ ಬುಡು. ಇನ್ನೊಬ್ಬ ಇದ್ದ. ಗಂಗಳ ತೊಳ್ದು ಇತ್ಲು ಕಲ್ಮೇಲೆ ಬೋರಲು ಆಕೋನು. ಆ ಮನೇಲಿ ನನ್ ಕೆಲ್ಸ ಕಂಡೋನು ಅವ್ನೊಬ್ನೇ ಕಣವ್ವ. ಯಾವನು ಅಂತ ನೋಡ್ಬೇಕು ಅಂತ್ಲೇ ನಿಮ್ಮನ್ನ ಕರ್ದು ಕೂರ್ಸಿದ್ದು."

ಹರ್ಷಿತಾ ತಲೆಯೆತ್ತಿದಳು. "ಯತೀ, ಹುಣಸೂರಿನ ಸಿದ್ದಯ್ಯನವರು ಗಂಗಳದ ವಿಷಯ ಏನೋ ಹೇಳಿದ್ರಲ್ಲ?" ನಾಲ್ವರಲ್ಲಿ ಬದುಕುಳಿದಿದ್ದವರು ಸಿದ್ದಯ್ಯ ಒಬ್ಬರೇ.

"ಸೀನಿಯರ್ಸ್ ತೆಗ್ದಿದ್ದ ವಿಡಿಯೊ ಅಲ್ವಾ, ಆ ಭಾಗ ಪೂರ್ತಿ ಕೇಳ್ದೇನೇ ಕಟ್ ಮಾಡ್ಬಿಟ್ವಲ್ಲೇ. ಊಟ ತಿಂಡಿ ಬೇಡ, ಹೋರಾಟ ಇರ್ಲಿ ಅಂದಿದ್ರು ಮೇಷ್ಟ್ರು."

ಕತ್ತರಿಸದ ಪ್ರತಿ ಇನ್ನೂ ಲ್ಯಾಪ್‌ಟಾಪಿನಲ್ಲಿತ್ತು. ಹರ್ಷಿತಾ ಹುಡುಕಿ ಹಾಕಿದಳು. ಸಿದ್ದಯ್ಯ ಕೆಮ್ಮಿ ಶುರುಮಾಡಿದರು.

"ನಾಲ್ಕನೆಯವ್ನು ಮರಿಯಯ್ಯ. ಆಚೆ ಕೇರಿ ಹುಡುಗ, ಮುಟ್ಟಿಸ್ಕೊಳ್ತಿರ್ಲಿಲ್ಲ ಆಗ. ಅವ್ನ ಗಂಗಳ ಅವ್ನೇ ತೊಳ್ದು ಹಿತ್ಲಲ್ಲೇ ಮಡಗ್ಬೇಕು ಅಂತ ಆ ಮನೆ ಅಮ್ಮ ಕಟ್ಟಪ್ಪಣೆ ಮಾಡಿದ್ರು. ನಮ್ಮ ಜೊತೇಲೇ ಲಾಠಿ ಏಟು ತಿಂದೋನು. ನಾವೂ ಬಾಯಿ ಬಿಡ್ಲಿಲ್ಲ."

ಮಲ್ಲಾಜಮ್ಮನ ಕೈಯಲ್ಲಿದ್ದ ಕಾಳು ಹಾಗೇ ಉಳಿಯಿತು.

"ಇನ್ನೊಂದ್ಸಲ ಆಕು."

ಮತ್ತೆ ಕೇಳಿದಳು. ಆಮೇಲೆ ಫೋಟೊದ ಅಂಚಿನಲ್ಲಿ ನಿಂತಿದ್ದ ತೆಳ್ಳನೆಯ ಹುಡುಗನನ್ನು ಬಹಳ ಹೊತ್ತು ನೋಡಿದಳು.

"ಇವ್ನ ಮನೇರು ಯಾರಾರ ಅವ್ರಾ?"

"ಗೊತ್ತಿಲ್ಲ ಅಜ್ಜಿ. ಈಗ ಹೆಸರು ಸಿಕ್ತಲ್ಲ, ವಿಚಾರಿಸ್ತೀವಿ," ಎಂದಳು ಹರ್ಷಿತಾ.

"ವಿಚಾರ್ಸಿ. ಈ ಮಾತು ನಿಮ್ ಸಿ.ಡಿ.ಲಿ ಇರ್ಬೇಕು. ಇಲ್ಲ ಅಂದ್ರೆ ನಂದೂ ಬ್ಯಾಡ."

ಯತೀಶ್ ಬೋಗುಣಿ ಪಕ್ಕಕ್ಕಿಟ್ಟ. "ಮೇಷ್ಟ್ರು ಒಪ್ಪಲ್ಲ ಅಜ್ಜಿ. ಆಮೇಲೆ ನಿಮ್ಮನೆ ಹೆಸರೂ..."

"ಆ ಮನೆ ಅಮ್ಮ ಅಂದ್ರೆ ಯಾರಿಗೆ ತಿಳಿತದೆ? ಪುಟ್ಟಮಾದಮ್ಮ, ನಮ್ಮತ್ತೆ. ನಾನೇ ಏಳ್ತೀನಿ. ಅದ್ಯಾವ್ದೋ ಒತ್ತು."

ಹರ್ಷಿತಾ ಕ್ಯಾಮೆರಾದ ಗುಂಡಿ ಒತ್ತಿದಳು.