ಸೌದೆ ಕೊಟ್ಟಿಗೆಯಲ್ಲಿ ಗಾಜಿನ ದೋಣಿ

ಮಾನ್ಯ ಓದುಗ ಮಹಾಶಯರ ಸನ್ನಿಧಿಗೆ, ಬಂಟ್ವಾಳದ ಹೊಳೆಬದಿಯ ನಿವಾಸಿಯಾದ ನಾನು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನನ್ನ ಅಕ್ಷರ ದುಂಡಾಗಿಲ್ಲ. ಕಾಗುಣಿತ ಎಲ್ಲೆಲ್ಲಿ ತಪ್ಪುತ್ತದೆಂದು ನನಗೇ ತಿಳಿಯುವುದಿಲ್ಲ. ಎರಡಕ್ಕೂ ಮೊದಲೇ ಕ್ಷಮೆ ಬೇಡುತ್ತೇನೆ. ಎಂಟನೆಯ ತರಗತಿಯವರೆಗೆ ಓದಿದವಳು ನಾನು. ಈವರೆಗೆ ಬರೆದದ್ದೆಲ್ಲ ಮನೆಯ ಪರವಾಗಿ ತಾಲೂಕು ಕಚೇರಿಗೆ ಸಲ್ಲಿಸಿದ ಅರ್ಜಿಗಳು ಮಾತ್ರ. ಆದುದರಿಂದ ಇದನ್ನೂ ಅರ್ಜಿಯ ರೀತಿಯಲ್ಲೇ ಬರೆಯುತ್ತಿದ್ದೇನೆ. ನನಗೆ ಅಭ್ಯಾಸವಿರುವ ರೀತಿ ಅದೊಂದೇ.

ವಿಷಯವು ಅರುವತ್ತರ ದಶಕದ ಕೊನೆಯಲ್ಲಿ ನಮ್ಮ ಅಂಗಳಕ್ಕೆ ಬಂದ ಒಂದು ಮೋಟಾರು ದೋಣಿಗೆ ಸಂಬಂಧಿಸಿದ್ದು. ಅದಕ್ಕೆ ಮೊದಲು ಮನೆಯ ವಿಚಾರವನ್ನು ಸ್ಪಷ್ಟಪಡಿಸುವುದು ಅಗತ್ಯ. ನಮ್ಮದು ಅಳಿಯಸಂತಾನದ ಮನೆ. ಅಂದರೆ ಮನೆ ತಾಯಿಯಿಂದ ಮಗಳಿಗೆ ಬರುತ್ತದೆ, ಯಜಮಾನಿಕೆ ಮಾತ್ರ ಗಂಡಸರ ಕೈಯಲ್ಲಿರುತ್ತದೆ. ತಾಯಿ ತೀರಿಕೊಂಡ ಮೇಲೆ ಮನೆ ನನ್ನದಾಯಿತು, ಯಜಮಾನಿಕೆ ನನ್ನ ಅಣ್ಣನದಾಯಿತು. ಅಣ್ಣ ಮದುವೆಯಾದವನಲ್ಲ. ನನ್ನ ಗಂಡನ ತಾಯಿಮನೆ ಬೆಳ್ತಂಗಡಿಯ ಕಡೆ. ಅವರು ಮೂಡಬಿದಿರೆಯ ಒಂದು ಗ್ಯಾರೇಜಿನಲ್ಲಿ ಬಸ್ಸುಗಳ ಎಂಜಿನ್ ರಿಪೇರಿ ಮಾಡುತ್ತಿದ್ದರು. ಶನಿವಾರ ಸಂಜೆ ಬಂದು ಸೋಮವಾರ ಮೊದಲ ಬಸ್ಸಿಗೆ ಹೋಗುವರು. ನಮಗೆ ಆಗ ಮಕ್ಕಳಿರಲಿಲ್ಲ. ನಮ್ಮಂಥ ಮನೆಗಳಲ್ಲಿ ಗಂಡನು ಬರುವುದನ್ನು ನಿಲ್ಲಿಸಿದರೆ ಸಂಬಂಧ ಮುಗಿಯಿತೆಂದೇ ಊರಿನವರು ತಿಳಿಯುತ್ತಿದ್ದರು. ಅದಕ್ಕೆ ಯಾವ ಕಾಗದಪತ್ರವನ್ನೂ ಯಾರೂ ಕೇಳುತ್ತಿರಲಿಲ್ಲ.

ಅಣ್ಣನಿಗೂ ನನ್ನ ಗಂಡನಿಗೂ ನಮ್ಮ ಮದುವೆಯ ದಿನದಿಂದಲೇ ಆಗುತ್ತಿರಲಿಲ್ಲ. ಒಂದೇ ಜಗಲಿಯಲ್ಲಿ ಎದುರುಬದುರು ಕುಳಿತು ಒಂದೇ ತಟ್ಟೆಯ ವೀಳ್ಯದೆಲೆಗೆ ಸುಣ್ಣ ಹಚ್ಚುವರು. ಆದರೆ ಮಾತನ್ನು ಮಾತ್ರ ನನ್ನ ಮೂಲಕವೇ ಕಳುಹಿಸುವರು. ಇಬ್ಬರೂ ಒಬ್ಬರನ್ನೊಬ್ಬರು "ಭಾವ" ಎನ್ನುತ್ತಿದ್ದರು; ಆ ಶಬ್ದವನ್ನು ಬೈಗುಳದ ಹಾಗೆ ಹೇಳಲು ಸಾಧ್ಯವೆಂದು ನಾನು ಅವರಿಂದ ಕಲಿತೆ.

ಮಂಗಳೂರಿನ ಬಂದರಿನ ಕೆಲಸಕ್ಕೆ ಬಂದಿದ್ದ ಪರದೇಶದ ಎಂಜಿನಿಯರನೊಬ್ಬ ಊರಿಗೆ ಮರಳುವಾಗ ತನ್ನ ಚಿಕ್ಕ ದೋಣಿಯನ್ನು ಬಿಟ್ಟುಹೋದನಂತೆ. ಅದು ಬಂಡೆಗೆ ಬಡಿದು ಬಲಮಗ್ಗುಲಲ್ಲಿ ಒಂದು ಮೊರದಷ್ಟು ಒಡೆದಿತ್ತು. ಎಂಜಿನಿನೊಳಗೆ ಉಪ್ಪುನೀರು ಹೋಗಿ ತುಕ್ಕು ಕಟ್ಟಿತ್ತು. ಯಾರಿಗೂ ಬೇಡವಾದ ಆ ವಸ್ತುವನ್ನು ನನ್ನ ಗಂಡ ಹಂಚು ಸಾಗಿಸುವ ಲಾರಿಯಲ್ಲಿ ಹೇರಿಸಿಕೊಂಡು ಒಂದು ಶನಿವಾರ ಮನೆಗೆ ತಂದರು. ಅದಕ್ಕೆ ಮೊದಲು ನನ್ನಲ್ಲಿ ಒಂದು ಮಾತೂ ಕೇಳಿರಲಿಲ್ಲ. ಅಂಗಳ ನನ್ನದು ಎಂಬುದನ್ನು ದಯವಿಟ್ಟು ನೆನಪಿನಲ್ಲಿಡಬೇಕಾಗಿ ವಿನಂತಿ.

ಅಣ್ಣ ಜಗಲಿಯಿಂದ ಇಳಿದು ಬಂದು ಬೆರಳ ಗೆಣ್ಣಿನಿಂದ ಅದನ್ನು ಬಡಿದು ನೋಡಿದ.

"ತಂಗೀ, ಇದೆಂಥದು? ಮರದ್ದಲ್ಲ, ತಗಡಿನದ್ದೂ ಅಲ್ಲ."

"ಗಾಜಿನ ನೂಲಿನದ್ದು ಅಂತ ಹೇಳು," ಎಂದು ನನ್ನ ಗಂಡ ಲಾರಿಯ ಹಗ್ಗ ಬಿಚ್ಚುತ್ತಲೇ ಹೇಳಿದರು. "ಫೈಬರ್ ಗ್ಲಾಸ್."

"ಗಾಜಿನದ್ದಾ! ಹಾಗಾದ್ರೆ ಹೊರಗೆ ಯಾಕೆ ಮಾರಾಯ್ತಿ, ಕಪಾಟಿನಲ್ಲಿ ಇಡುವ. ಬಳೆಗಾರ ಬಂದಾಗ ತೋರಿಸ್ಲಿಕ್ಕೆ ಆಗ್ತದೆ."

"ಭಾವನಿಗೆ ಹೇಳು, ಅವರ ಮರದ ದೋಣಿ ಹುಳ ತಿಂದು ಹಪ್ಪಳ ಆದ ಮೇಲೂ ಇದು ಇರ್ತದೆ ಅಂತ."

ಇಬ್ಬರೂ ನನ್ನ ಕಡೆ ನೋಡಿದರು. ನಾನು ಒಲೆ ನೋಡಲು ಒಳಗೆ ಹೋದೆ.

ಬಿಸಿಲು ಬೀಳಬಾರದೆಂದು ದೋಣಿಯನ್ನು ಸೌದೆ ಕೊಟ್ಟಿಗೆಯೊಳಗೆ ಕವುಚಿ ಹಾಕಿದರು. ವೈಷಮ್ಯದ ಮುಖ್ಯ ಕಾರಣ ಇದೇ. ನಮ್ಮ ಕಡೆ ಪತ್ತನಾಜೆ ಎಂದರೆ, ಮೇ ತಿಂಗಳ ಕೊನೆಯ ವಾರದಲ್ಲಿ ಬರುವ, ಬೇಸಗೆಯ ಬಾಗಿಲು ಮುಚ್ಚುವ ದಿನ. ಆ ದಿನ ಗೆಜ್ಜೆ ಬಿಚ್ಚಿದರೆ ಮತ್ತೆ ಮಳೆಗಾಲ ಕಳೆಯುವ ತನಕ ಭೂತಕೋಲವಿಲ್ಲ, ಯಕ್ಷಗಾನದ ಆಟವಿಲ್ಲ. ಮನೆಗಳಲ್ಲಿಯೂ ಅಷ್ಟರೊಳಗೆ ಮಳೆಗಾಲಕ್ಕೆ ಬೇಕಾದ ಸೌದೆ ಕೊಟ್ಟಿಗೆ ಸೇರಿರಬೇಕು. ನಮ್ಮ ಸೌದೆಯೋ ಅಂಗಳದಲ್ಲಿ, ಕೊಟ್ಟಿಗೆಯಲ್ಲಿ ದೋಣಿ.

"ಪತ್ತನಾಜೆಯ ಒಳಗೆ ಕೊಟ್ಟಿಗೆ ಖಾಲಿ ಆಗ್ಬೇಕು ಅಂತ ಹೇಳು ಅವರಿಗೆ," ಎಂದ ಅಣ್ಣ. "ಇಲ್ಲದಿದ್ರೆ ನಾನೇ ಎಳೆದು ಹೊಳೆಗೆ ಬಿಡ್ತೇನೆ. ಸಮುದ್ರದಿಂದ ಬಂದದ್ದು ಸಮುದ್ರಕ್ಕೆ ಹೋಗ್ಲಿ."

ನನ್ನ ಗಂಡ ಬಾಯಲ್ಲಿದ್ದ ಎಲೆಯನ್ನು ಅಂಗಳಕ್ಕೆ ಉಗುಳಿದರು. "ಪತ್ತನಾಜೆಗೆ ದೋಣಿ ನೀರಿಗೆ ಇಳೀತದೆ ಅಂತ ಹೇಳು. ಇಳಿಯದಿದ್ರೆ ನಾನು ಈ ಮನೆಯ ಮೆಟ್ಟಿಲು ಹತ್ತುವವ ಅಲ್ಲ. ಬೆಳ್ತಂಗಡಿಯಲ್ಲಿ ನನಗೂ ಒಂದು ಮನೆ ಉಂಟು."

ಈ ಮಾತು ಹೇಳುವಾಗ ಅವರು ನೋಡುತ್ತಿದ್ದುದು ಅಣ್ಣನನ್ನು. ಗಂಡನನ್ನು ಕಳೆದುಕೊಳ್ಳಬೇಕಾದ ನಾನು ಸುಣ್ಣದ ಡಬ್ಬಿ ಹಿಡಿದು ನಡುವೆ ನಿಂತಿದ್ದೇನೆಂಬುದು ಇಬ್ಬರ ಗಮನಕ್ಕೂ ಬರಲಿಲ್ಲ.

ಅಲ್ಲಿಂದ ಮುಂದೆ ಆದಿತ್ಯವಾರಗಳೆಲ್ಲ ಆ ದೋಣಿಯ ಪಾಲಾದವು. ಅವರು ಎಂಜಿನನ್ನು ಬಿಚ್ಚಿ ಮೂಡಬಿದಿರೆಗೆ ಒಯ್ದು ಅಲ್ಲಿಯೇ ಸರಿಪಡಿಸಿ ತಂದರು. ಅದರಲ್ಲಿ ಅವರ ಕೈ ಪಳಗಿತ್ತು. ಒಡೆದ ಮಗ್ಗುಲು ಮಾತ್ರ ಅವರಿಗೂ ಹೊಸ ವಿದ್ಯೆ. ಮುರಿದ ಅಂಚನ್ನು ಗರಗಸದಿಂದ ಕತ್ತರಿಸಿ, ಸುತ್ತಲೂ ಮರಳುಕಾಗದದಿಂದ ಉಜ್ಜಿದರು. ಆ ಧೂಳು ಒಗೆಯಲು ಹಾಕಿದ ಬಟ್ಟೆಗೂ ಹತ್ತಿ, ನನ್ನ ಕುತ್ತಿಗೆ ಕೈಗಳೆಲ್ಲ ತುರಿಸಿ ಕೆಂಪಾದವು. ಮೈಗೆ ತೆಂಗಿನೆಣ್ಣೆ ಹಚ್ಚಿ ಕುಳಿತವಳನ್ನು ಅವರು "ಏನಾಯಿತು?" ಎಂದು ಕೇಳಲಿಲ್ಲ. ದೋಣಿಯ ಮೈ ನುಣ್ಣಗಾಯಿತೇ ಎಂದು ಅಂಗೈಯಿಂದ ಸವರಿ ಸವರಿ ನೋಡುತ್ತಿದ್ದರು. ನನ್ನನ್ನು ಅಷ್ಟು ಗಮನವಿಟ್ಟು ಮುಟ್ಟಿದ ನೆನಪು ನನಗಿಲ್ಲ. ಇದನ್ನು ಬರೆಯಬಾರದಾಗಿದ್ದರೆ ಓದುಗರು ಮನ್ನಿಸಬೇಕು.

ತೂತಿಗೆ ಹಾಕುವ ಗಾಜಿನ ಬಟ್ಟೆ ಮತ್ತು ಅದಕ್ಕೆ ಸವರುವ ಅಂಟನ್ನು ಬಂದರಿನ ಯಾರನ್ನೋ ಹಿಡಿದು ತರಿಸಿದ್ದರು. ಅಂಟು ಒಂದೇ ಡಬ್ಬ. ಅದು ನೋಡಲು ಜೋನಿಬೆಲ್ಲದ ಹಾಗೆ. ಬೇರೊಂದು ಸೀಸೆಯ ನೀರನ್ನು ಕೆಲವು ಹನಿ ಬೆರೆಸಿದರೆ ತಾನೇ ಬಿಸಿಯಾಗಿ, ಸ್ವಲ್ಪ ಹೊತ್ತಿಗೆ ಕಲ್ಲಾಗುತ್ತಿತ್ತು. ಪರೀಕ್ಷೆಗೆಂದು ಚೂರೇ ಚೂರನ್ನು ತೆಂಗಿನ ಗೆರಟೆಯಲ್ಲಿ ಕಲಸಿದರು. ಕಲಸಿದ್ದು ನನ್ನ ಸಾರಿನ ಸಟ್ಟುಗದಿಂದ. ಸಟ್ಟುಗವೂ ಗೆರಟೆಯೂ ಒಂದಾಗಿ ಹೋದವು.

"ನೋಡು, ಎಷ್ಟು ಗಟ್ಟಿ!" ಎಂದು ಅವರು ಅದನ್ನು ಎತ್ತಿ ತೋರಿಸಿದರು.

"ಇನ್ನು ಸಾರನ್ನು ಯಾವುದರಲ್ಲಿ ಬಡಿಸುವುದು? ದೋಣಿಯಲ್ಲಾ?" ಎಂದೆ.

ಅವರು ನಕ್ಕರು. ನಾನು ನಗಲಿಲ್ಲ.

ಪತ್ತನಾಜೆಗೆ ಮುಂಚಿನ ವಾರ ಬಂತು. ಇಲ್ಲಿ ನಮ್ಮ ಮನೆಯ ಒಂದು ಪದ್ಧತಿಯನ್ನು ತಿಳಿಸಬೇಕಾಗುತ್ತದೆ. ನೇತ್ರಾವತಿ ತುಂಬಿದರೆ ನೀರು ನಮ್ಮ ಅಂಗಳದ ಅಂಚಿಗೆ ಬರುವುದರಿಂದ ಮನೆಯಲ್ಲಿ ಹಿಂದಿನಿಂದಲೂ ಮರದ ದೋಣಿ ಉಂಟು. ಮಳೆಗೆ ಮುಂಚೆ ಒಂದು ದಿನ ಯಜಮಾನನೇ ಕೈಯಾರೆ ಅದಕ್ಕೆ ಮೀನೆಣ್ಣೆ ಹಚ್ಚಬೇಕು. ಮರ ನೀರು ಕುಡಿಯದಿರಲಿ, ಹುಳ ಹಿಡಿಯದಿರಲಿ ಎಂಬುದಕ್ಕಾಗಿ. ಅಂಗಳದಲ್ಲಿ ಎಷ್ಟು ದೋಣಿಗಳಿವೆಯೋ ಅಷ್ಟಕ್ಕೂ ಅದೇ ದಿನ ಹಚ್ಚಬೇಕು. ಒಂದನ್ನು ಬಿಟ್ಟರೆ ಆ ದೋಣಿ ಹತ್ತಿದವನಿಗೆ ಕೇಡು ಬಯಸಿದ ಹಾಗೆ. ನಮ್ಮ ಸೋದರಮಾವಂದಿರ ಕಾಲದಲ್ಲಿ ಅಂಗಳದಲ್ಲಿ ಮೂರು ದೋಣಿಗಳಿದ್ದವಂತೆ. ನನ್ನ ತಿಳಿವಳಿಕೆಗೆ ಬಂದ ಮೇಲೆ ಒಂದೇ. ಹಾಗಾಗಿ ಪದ್ಧತಿಯ ಈ ಭಾಗವನ್ನು ನಾನು ಮರೆತೇಬಿಟ್ಟಿದ್ದೆ.

ವಾರದ ನಡುವೆ ಅಣ್ಣ ಎಣ್ಣೆ ಹಚ್ಚಿದ. ಅಡುಗೆಮನೆಯವರೆಗೂ ವಾಸನೆ ಬಂತು. ಪ್ರತಿವರ್ಷದ ವಾಸನೆ, ಎದ್ದು ಹೋಗಿ ನೋಡುವಂಥದ್ದೇನೂ ಇರಲಿಲ್ಲ.

ಶನಿವಾರ ಬಂದ ನನ್ನ ಗಂಡ ಮೂಗು ಮುಚ್ಚಿಕೊಂಡು, "ಭಾವ ಮೀನೆಣ್ಣೆಯಲ್ಲಿ ಸ್ನಾನ ಮಾಡಿದ್ದಾರಾ ಅಂತ ಕೇಳು," ಎಂದರು. ಇಡೀ ಅಂಗಳವೇ ನಾರುತ್ತಿದ್ದುದರಿಂದ ಅವರಿಗೆ ಬೇರೆ ಸಂಶಯ ಬರಲಿಲ್ಲ. ಆದಿತ್ಯವಾರ ಬೆಳಿಗ್ಗೆ ಡಬ್ಬದ ಅಂಟನ್ನೆಲ್ಲ ಕಲಸಿ, ಗಾಜಿನ ಬಟ್ಟೆಯನ್ನು ಪದರ ಪದರವಾಗಿ ಒಡಕಿನ ಮೇಲೆ ಹಾಸಿ, ಕುಂಚದಿಂದ ಒತ್ತಿ ಒತ್ತಿ ಕೂರಿಸಿದರು. ಮಧ್ಯಾಹ್ನಕ್ಕೆ ಅದು ಕಲ್ಲಾಯಿತು. ಊಟಕ್ಕೆ ಕುಳಿತಾಗ ಅವರ ಮುಖದಲ್ಲಿ ಇದ್ದ ಸಂತೋಷವನ್ನು ಕಂಡು ನನಗೂ ಒಳಗೊಳಗೇ ಧೈರ್ಯ ಬಂದಿತ್ತು.

ಊಟವಾದ ಮೇಲೆ ಅಂಚನ್ನು ಸಮ ಮಾಡಲು ಹೋದರು. ಉಗುರು ಸಿಕ್ಕಿಸುವಷ್ಟು ಸಂದು ಕಂಡಿತು. ಎಳೆದರು. ಕಡುಬಿನಿಂದ ಬಾಳೆಲೆ ಬಿಡಿಸಿದ ಹಾಗೆ ತೇಪೆ ಪೂರ್ತಿಯಾಗಿ ಕೈಗೆ ಬಂತು. ಅದರ ಒಳಮೈಯನ್ನು ಮೂಸಿದರು. ಆಮೇಲೆ ಜಗಲಿಯ ಕಡೆ ತಿರುಗಿದರು.

"ಎಣ್ಣೆ ಹಚ್ಚಿದ್ದು ಯಾರು?"

ನನ್ನನ್ನು ದಾಟಿ ಹೋದ ಮೊದಲ ಮಾತು ಇದು. ಅಣ್ಣನೂ ಎದ್ದು ನಿಂತ.

"ನಾನು. ಇನ್ನು ಯಾರು ಹಚ್ಚುವುದು? ನಿಮ್ಮ ದೋಣಿ ಒಣಗಿ ಬಿಳಿಚಿಕೊಂಡಿತ್ತು. ಒಳಗೂ ಹೊರಗೂ ಎರಡೆರಡು ಸಲ ಉಜ್ಜಿ ಹಚ್ಚಿದ್ದೇನೆ."

"ಎಣ್ಣೆಯ ಮೇಲೆ ಅಂಟು ಹಿಡೀತದಾ ಭಾವ? ತಲೆಯಲ್ಲಿ ಏನಾದ್ರೂ ಉಂಟಾ ನಿಮಗೆ?"

"ದೋಣಿಗೆ ಎಣ್ಣೆ ಹಚ್ಚಬಾರದು ಅಂತ ಹೇಳುವ ಗಂಡಸನ್ನು ಇವತ್ತೇ ನೋಡಿದ್ದು ನಾನು! ಬಿಟ್ಟಿದ್ರೆ ನಿಮಗೇ ಕೇಡು. ಕೇಡಾಗ್ಬಾರ್ದು ಅಂತ ಹಚ್ಚಿದ್ದು."

"ನನಗೆ ಕೇಡು ನೀವೇ. ಬೇರೆ ಬೇಕಾ?"

"ಹಾಗಾದ್ರೆ ಬರುವುದು ಯಾಕೆ? ನಾವು ಕಾಗದ ಹಾಕಿ ಕರೆಸಿದ್ದಾ?"

ಅಣ್ಣ ಹೊಟ್ಟೆಕಿಚ್ಚಿನಿಂದ ಹಚ್ಚಿದನೋ ಪದ್ಧತಿಗಾಗಿ ಹಚ್ಚಿದನೋ ಎಂದು ಹಲವರು ಆಮೇಲೆ ಕೇಳಿದ್ದಾರೆ. ಪದ್ಧತಿಗಾಗಿಯೇ ಎಂದು ನನ್ನ ಅಭಿಪ್ರಾಯ. ದ್ವೇಷಕ್ಕಾಗಿ ಅವನು ಅಷ್ಟು ಎಣ್ಣೆ ಖರ್ಚು ಮಾಡುವವನಲ್ಲ. ಆ ದೋಣಿಯನ್ನು ಅವನು ಮನೆಯ ದೋಣಿಯೆಂದು ಒಪ್ಪಿದ ಮೊದಲ ದಿನ ಅದೇ. ಒಪ್ಪಿದ್ದರಿಂದಲೇ ಅದು ಕೆಟ್ಟಿತು. ಆದರೆ ಇದನ್ನು ಆಗ ಹೇಳಿದ್ದರೆ ಕೇಳುವವರು ಯಾರು?

ನನ್ನ ಗಂಡ ತೇಪೆಯನ್ನು ಅಂಗಳಕ್ಕೆ ಎಸೆದು, ಒಳಗೆ ಹೋಗಿ ತಮ್ಮ ಬಟ್ಟೆಯನ್ನೆಲ್ಲ ಚೀಲಕ್ಕೆ ತುಂಬಿದರು. ಸೋಮವಾರದವರೆಗೂ ನಿಲ್ಲುವ ಲಕ್ಷಣವಿರಲಿಲ್ಲ. ಗೂಟದಲ್ಲಿ ಯಾವಾಗಲೂ ತೂಗುತ್ತಿದ್ದ ಅವರ ಮನೆಯಂಗಿಯೂ ಚೀಲ ಸೇರಿದ್ದನ್ನು ನೋಡಿದೆ.

ಆಗ ನಾನು ಅಂಗಳಕ್ಕಿಳಿದು ಸೌದೆ ಹೊರಲು ಸುರುಮಾಡಿದೆ. ಕೊಟ್ಟಿಗೆಗಲ್ಲ, ಜಗಲಿಗೆ. ಅಣ್ಣ ಮಲಗುವ ಮೂಲೆಯಲ್ಲಿ, ಅವನ ಚಾಪೆಯನ್ನು ಕಾಲಿನಿಂದ ಸರಿಸಿ, ಗೋಡೆಗೆ ಒಟ್ಟಿದೆ.

"ಏ ತಂಗೀ! ಹುಚ್ಚು ಹಿಡಿದಿದೆಯಾ ನಿನಗೆ? ನಾನು ಮಲಗುವುದೆಲ್ಲಿ?"

"ಸೌದೆಯ ಬದಿಯಲ್ಲಿ. ಜಾಗ ಸಾಲದಿದ್ರೆ ಅದರ ಮೇಲೆ ಮಲಗು. ಕೊಟ್ಟಿಗೆ ನನ್ನದು, ಜಗಲಿ ನನ್ನದು. ದೋಣಿ ಅಲ್ಲೇ ಇರ್ತದೆ."

ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ ನನ್ನ ಗಂಡ, "ನನಗಾಗಿ ಯಾರೂ ಕಷ್ಟಪಡುವುದು ಬೇಡ," ಎಂದರು.

"ನಿಮಗಾಗಿ ಯಾರು ಪಟ್ಟದ್ದು? ಹೋಗುವುದಾದ್ರೆ ಹೋಗಿ. ಮುಂದಿನ ಶನಿವಾರ ನೋಡ್ತೇನೆ. ಬಾರದಿದ್ರೆ ಅದನ್ನು ಕೋಳಿಗೂಡು ಮಾಡ್ತೇನೆ. ಕೋಳಿ ಹೋಗ್ಲಿಕ್ಕೆ ತೂತು ಹೇಗೂ ಉಂಟು."

ಅವರು ಪೇಟೆಯ ದಾರಿ ಹಿಡಿದರು. ಅಣ್ಣ ಸ್ವಲ್ಪ ಹೊತ್ತು ಗೊಣಗಿ, ಆಮೇಲೆ ತಾನೂ ಸೌದೆಗೆ ಕೈಹಚ್ಚಿದ. ನಾನು ಬೇಡವೆನ್ನಲಿಲ್ಲ.

ಪತ್ತನಾಜೆ ಬಂದು ಹೋಯಿತು. ದೋಣಿ ನೀರಿಗಿಳಿಯಲಿಲ್ಲ. ಮರುದಿನವೇ ಮಳೆ ಹಿಡಿಯಿತು. ನೆರೆಮನೆಯಾಕೆ ಬೇಲಿಯಾಚೆಯಿಂದ, "ನಿಮ್ಮವರು ಈ ವಾರ ಬರ್ತಾರಾ?" ಎಂದು ಕೇಳಿದಳು. ಅವಳಿಗೆ ವಿಷಯ ತಿಳಿದಿತ್ತೆಂಬುದು ಅವಳ ದನಿಯಲ್ಲೇ ಇತ್ತು. ನಾನು ಮಳೆಯ ಸದ್ದಿಗೆ ಕೇಳಿಸದವಳಂತೆ ಒಳಗೆ ಬಂದೆ.

ಶನಿವಾರ ಸಂಜೆ ಇಬ್ಬರಿಗೆ ಮಾತ್ರ ಅಕ್ಕಿ ಹಾಕಿದೆ. ಹೆಚ್ಚು ಹಾಕಿ ಅನ್ನ ಉಳಿದರೆ ಅಣ್ಣನ ಎದುರಿಗೆ ನನಗೆ ಅವಮಾನ ಎಂದು ಲೆಕ್ಕಿಸಿದ್ದೆ. ಬಸ್ಸು ಬರುವ ಹೊತ್ತು ಮೀರಿತು. ಸೌದೆಯ ಪಕ್ಕದಲ್ಲಿ ಮೈ ಮುದುಡಿ ಕುಳಿತಿದ್ದ ಅಣ್ಣ ಬಗ್ಗಿ ಅಂಗಳದ ಕಡೆ ನೋಡಿ, "ಬೆಲ್ಲ, ನೀರು ತಾ," ಎಂದಷ್ಟೇ ಹೇಳಿದ. ಮನೆಗೆ ಬಂದವರಿಗೆ ನಮ್ಮಲ್ಲಿ ಮೊದಲು ಕೊಡುವುದು ಅದನ್ನೇ.

ನನ್ನ ಗಂಡ ಸೋಗೆಯ ಮಾಡಿನ ನೀರು ಇಳಿಯುವಲ್ಲಿ ನಿಂತಿದ್ದರು. ಕೊಡೆಯಿದ್ದೂ ಭುಜ ಒದ್ದೆಯಾಗಿತ್ತು. ಒಂದು ಕೈಯಲ್ಲಿ ಅದೇ ಚೀಲ, ಇನ್ನೊಂದರಲ್ಲಿ ಗೋಣಿಯಲ್ಲಿ ಸುತ್ತಿದ ಅಂಟಿನ ಹೊಸ ಡಬ್ಬ.

"ದೋಣಿ ನೋಡಿ ಹೋಗುವ ಅಂತ ಬಂದದ್ದು," ಎಂದರು.

"ನೋಡಿ. ಕೊಟ್ಟಿಗೆಯಲ್ಲೇ ಉಂಟು. ಊಟ ಬೇಕಾದ್ರೆ ಕಾಯ್ಬೇಕು, ಪುನಃ ಅಕ್ಕಿ ಹಾಕ್ಬೇಕಷ್ಟೆ."

ಅವರು ಕೊಟ್ಟಿಗೆಗೆ ಹೋಗಲಿಲ್ಲ. ಚಪ್ಪಲಿ ಕಳಚಿ ಮೆಟ್ಟಿಲು ಹತ್ತಿದರು. ದೋಣಿಗಾಗಿ ಬಂದರೋ ನನಗಾಗಿ ಬಂದರೋ ಎಂದು ನಾನು ಕೇಳಲಿಲ್ಲ. ಉತ್ತರ ಏನಿದ್ದರೂ ನನಗೆ ಸಿಟ್ಟು ಬರುವುದು ಖಂಡಿತವಾಗಿತ್ತು. ಒಲೆಗೆ ಸೌದೆ ತರಲು ಜಗಲಿಗೆ ಹೋದಾಗ ಅವರು ಚೀಲದಿಂದ ಮನೆಯಂಗಿಯನ್ನು ತೆಗೆದು ಗೂಟಕ್ಕೆ ಹಾಕುತ್ತಿದ್ದರು.

ಇದಿಷ್ಟು ನಡೆದ ಸಂಗತಿ. ಬರೆದದ್ದನ್ನು ಎರಡು ಬಾರಿ ಓದಿ ನೋಡಿದ್ದೇನೆ. ಆದರೂ ಒತ್ತಕ್ಷರ, ದೀರ್ಘ, ವಾಕ್ಯಗಳ ಜೋಡಣೆಯಲ್ಲಿ ದೋಷಗಳು ಉಳಿದಿರಬಹುದು. ಕಣ್ಣಿಗೆ ಬಿದ್ದವುಗಳನ್ನು ಓದುಗ ಮಹಾಶಯರು ದಯವಿಟ್ಟು ತಿದ್ದಿಕೊಳ್ಳಬೇಕು, ಸಾಧ್ಯವಾದರೆ ನನಗೂ ತಿಳಿಸಬೇಕು ಎಂದು ಕೋರುತ್ತೇನೆ.