ಹಾವಸೆ ಕಟ್ಟಿದ ಕಾಗದ

ಅಕುಲೀನಾ ಪೊರೋತೊವಾ ಅತ್ತದ್ದನ್ನು ಉತ್ತರ ಧ್ರುವದ ಕಡೆಯ ನಮ್ಮ ಊರು ಖತಂಗಾದಲ್ಲಿ ಯಾರೂ ನೋಡಲಿಲ್ಲ. ಅಕ್ಟೋಬರಿನಲ್ಲಿ ನದಿಯ ಮೇಲಿನ ಎಳೆ ಮಂಜುಗಡ್ಡೆ ಒಡೆದು ಅವಳ ಗಂಡ ಪ್ರೊಕೋಪಿ ಮೋಟಾರಿನ ಹಿಮಬಂಡಿಯ ಸಮೇತ ಮುಳುಗಿದ. ಹೆಣ ಸಿಕ್ಕಿತು, ಮಣ್ಣಾಯಿತು. ಮಾರನೆಯ ದಿನವೇ ಅವಳು ಕಚೇರಿಗೆ ಬಂದು, ಕೋಟು ತೂಗುಹಾಕಿ, ಬೇಸಿಗೆಯಲ್ಲಿ ತಂದ ಹಾವಸೆಗಳನ್ನು, ಆ ನೆಲದ ಪಾಚಿಗಳನ್ನು, ಸೂಕ್ಷ್ಮದರ್ಶಕದ ಕೆಳಗಿಟ್ಟುಕೊಂಡು ಕೂತಳು. ಆಡಿಕೊಳ್ಳುವವರಿಗೆ ಅಷ್ಟು ಸಾಕಾಯಿತು. ಕಲ್ಲೆದೆಯವಳು ಎಂದರು. ಕಲ್ಲೂ ಅಲ್ಲ, ಮಣ್ಣೂ ಅಲ್ಲ. ಅವಳಿಗೆ ಒಳಗೆ ಏನೂ ಅನ್ನಿಸುತ್ತಿರಲಿಲ್ಲ. ಕುಡಿಯುತ್ತಿರುವ ಚಹಾ ಬಿಸಿಯೋ ತಣ್ಣಗೋ ಎಂಬುದೂ ಗೊತ್ತಾಗುತ್ತಿರಲಿಲ್ಲ.

ಇಪ್ಪತ್ತಾರು ವರ್ಷದಿಂದ ಅವಳದು ಒಂದೇ ಕೆಲಸ. ಸಂರಕ್ಷಿತ ಪ್ರದೇಶದಲ್ಲಿ ಎಲ್ಲೆಲ್ಲಿ ಯಾವ ಯಾವ ಹಾವಸೆ ಬೆಳೆಯುತ್ತದೆ ಎಂದು ಪಟ್ಟಿ ಮಾಡುವುದು. ಬೇಸಿಗೆಯಿಂದ ಮೊದಲ ಹಿಮದವರೆಗೆ ತಂತಿಯ ಚೌಕವನ್ನು ನೆಲದ ಮೇಲಿಟ್ಟು, ಒದ್ದೆಯಲ್ಲಿ ಮೊಣಕಾಲೂರಿ, ಚೌಕದೊಳಗಿನದನ್ನೆಲ್ಲ ಎಣಿಸಿ, ಗುರುತು ಹತ್ತದ್ದನ್ನು ಚಿಟಿಕೆಯಷ್ಟು ಕಿತ್ತು ಕಾಗದದ ಪೊಟ್ಟಣದಲ್ಲಿ ಕಟ್ಟುವುದು. ಚಳಿಗಾಲವಿಡೀ ಪೊಟ್ಟಣ ಬಿಚ್ಚಿ ಹೆಸರು ಹುಡುಕುವುದು. ಹಾವಸೆಗೆ ಪ್ಲಾಸ್ಟಿಕ್ ಆಗದು, ಬೆವರಿ ಕೊಳೆಯುತ್ತದೆ. ಕಾಗದವೇ ಬೇಕು. ಕಚೇರಿ ಕೊಡುವ ಕಾಗದ ಜುಲೈ ಮುಗಿಯುವುದರೊಳಗೆ ಖಾಲಿ. ಆಮೇಲೆ ಹಳೆಯ ಪತ್ರಿಕೆ, ಸಕ್ಕರೆ ಚೀಲ, ಕೈಗೆ ಸಿಕ್ಕಿದ್ದು. ಪ್ರೊಕೋಪಿಯ ಪತ್ರಗಳೂ ಅದಕ್ಕೇ ಹೋದವು. ಅವನು ಅದೇ ಪ್ರದೇಶದ ಕಾವಲುಗಾರ. ವರ್ಷದಲ್ಲಿ ಎಂಟು ತಿಂಗಳು ನದಿಯ ಮೇಲ್ಭಾಗದ ಗುಡಿಸಿಲಲ್ಲಿರುತ್ತಿದ್ದ. ಹೆಲಿಕಾಪ್ಟರಿನವರ ಕೈಯಲ್ಲಿ ಪತ್ರ ಕಳಿಸುತ್ತಿದ್ದ. ದೊಡ್ಡ ಹಾಳೆ, ಗಟ್ಟಿ ಕಾಗದ, ಹಿಂಬದಿ ಖಾಲಿ, ಸ್ಥಳ ತಾರೀಕು ಬರೆಯಲು ಹೇಳಿ ಮಾಡಿಸಿದಂತೆ. ಅವಳು ನಿಂತಲ್ಲೇ ಓದಿ, ನಾಲ್ಕು ತುಂಡು ಮಾಡಿ, ನಾಲ್ಕು ಪೊಟ್ಟಣ ಮಡಿಸುತ್ತಿದ್ದಳು.

ಸಾವಿನ ನಲವತ್ತನೆಯ ದಿನದ ಊಟಕ್ಕೆ ನಾದಿನಿ ಎವ್ದೋಕ್ಯಾ ಹೆಪ್ಪುಗಟ್ಟಿದ ಮೀನು ಹೆರೆದಿಟ್ಟು, ಸತ್ತವನ ಪಾಲೆಂದು ಒಲೆಯ ಬೆಂಕಿಗೆ ಒಂದು ಚೂರು ಕೊಬ್ಬು ಹಾಕಿ, ಅತ್ತಿಗೆಯ ಪಕ್ಕ ಬಂದು ಕೂತಳು. ಸತ್ತವರ ಸಾಮಾನು ಮನೆಯಲ್ಲಿ ಇಟ್ಟುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಅವನ ಮರದ ಜಾರುಬಂಡಿ, ಕೆಟಲು, ಬದುಕಿರುವವರು ಬಳಸದಂತೆ ತಳ ತೂತು ಮಾಡಿದ ಬಟ್ಟಲು ಎಲ್ಲ ಗೋರಿಯ ಮೇಲಿದ್ದವು. ನೆನಪಿಗೆ ಉಳಿಯಬಹುದಾದದ್ದು ಅವನ ಬರಹವೊಂದೇ.

"ಅತ್ತಿಗೆ, ಅಣ್ಣನ ಕೈಬರಹದ್ದು ಒಂದು ಕಾಗದ ಕೊಡಿ. ಒಂದೇ ಒಂದು ಸಾಕು," ಎಂದಳು.

ಮನೆಯಲ್ಲಿ ಒಂದೂ ಇರಲಿಲ್ಲ. ಅಕುಲೀನಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ನಮ್ಮಣ್ಣ ಬರೆದದ್ದರಲ್ಲಿ ಪಾಚಿ ಕಟ್ಟಿದ್ರಾ?" ಎವ್ದೋಕ್ಯಾಳ ದನಿ ಏರಲಿಲ್ಲ, ಇಳಿಯಿತು. "ನಿಮಗೆ ಅವನು ಯಾವತ್ತಾದ್ರೂ ಬೇಕಾಗಿದ್ನಾ ಅತ್ತಿಗೆ?"

ಅಕುಲೀನಾ ಎದ್ದು ನಾದಿನಿಯ ತಟ್ಟೆಗೆ ಇನ್ನಷ್ಟು ಮೀನು ಹಾಕಿದಳು.

ಮಾರನೆಯ ದಿನದಿಂದ ಕೆಲಸ ಮುಗಿದ ಮೇಲೆ ಕಚೇರಿಯ ಕಪಾಟುಗಳನ್ನು ಒಂದೊಂದಾಗಿ ತೆಗೆಯತೊಡಗಿದಳು. ನಾಲ್ಕು ಸಾವಿರಕ್ಕೂ ಮಿಕ್ಕಿ ಪೊಟ್ಟಣ. ಹಾವಸೆಯನ್ನು ತಟ್ಟೆಗೆ ಸುರಿದು, ಕಾಗದ ಬಿಡಿಸಿ ನೋಡಿ, ಮತ್ತೆ ಕಟ್ಟುವುದು. ಪ್ರೊಕೋಪಿ ಚೂರು ಚೂರಾಗಿ ಸಿಕ್ಕುತ್ತಿದ್ದ. ಅರ್ಧ ಸಾಲಿನಲ್ಲಿ ಉಪ್ಪು ಬೇಕು, ಇನ್ನೊಂದರಲ್ಲಿ ನಾಯಿ ಮರಿ ಹಾಕಿದೆ. ಒಂದು ತುಂಡಿನ ಜೋಡಿ ಯಾವ ಕಪಾಟಿನಲ್ಲಿದೆಯೋ ದೇವರಿಗೇ ಗೊತ್ತು. ಪೂರ್ತಿ ಸಿಗಬಹುದಾದದ್ದು ಒಂದೇ, ಸೆಪ್ಟೆಂಬರಿನಲ್ಲಿ ಬಂದ ಅವನ ಕೊನೆಯ ಪತ್ರ. ಅದರ ನಾಲ್ಕೂ ಪೊಟ್ಟಣಗಳ ಸಂಖ್ಯೆ ಅವಳಿಗೆ ಬಾಯಿಪಾಠ. ಅದನ್ನು ಓದಿದ್ದಳೇ? ಆವತ್ತು ಹಿಮ ಬೀಳುವುದರಲ್ಲಿತ್ತು, ಪೆನ್ಸಿಲು ಹಲ್ಲಲ್ಲಿ ಕಚ್ಚಿಕೊಂಡಿದ್ದಳು, ಎಲ್ಲ ಕ್ಷೇಮ ತಾನೆ ಎಂದು ಕಣ್ಣಾಡಿಸಿ ಹರಿದಿದ್ದಳು. ಒಂದು ಸಾಲೂ ನೆನಪಿಲ್ಲ.

ಮೂರು ತುಂಡು ಕಪಾಟಿನಲ್ಲಿದ್ದವು. ಮೇಲಿನ ಎರಡರಲ್ಲಿ ಗುಡಿಸಿಲ ಹೊಗೆಕೊಳವೆ ಸರಿಮಾಡಿದ್ದು, ಹಿಡಿದ ಮೀನು, ಅವಳ ಮೊಣಕಾಲಿನ ವಿಚಾರಣೆ. ಕೆಳಗಿನ ಎಡ ತುಂಡಿನಲ್ಲಿ ಸಾಲುಗಳ ಅರ್ಧರ್ಧ ಮಾತ್ರ: 'ನಿನಗೊಂದು ಮಾತು ಹೇಳಬೇಕಿತ್ತು. ನಾನು ಯಾವತ್ತೂ', ಅದರ ಕೆಳಗೆ 'ನೀನು ಗಮನಿಸಿದ್ದೀಯೋ ಇಲ್ಲವೋ.' ಬಲಗಡೆಯ ತುಂಡು ಊರಲ್ಲೇ ಇರಲಿಲ್ಲ. ಅದರೊಳಗೆ ಕಟ್ಟಿದ್ದು ನಮ್ಮ ಪ್ರದೇಶದಲ್ಲಿ ಹಿಂದೆಂದೂ ಸಿಗದ ಹಾವಸೆ. ಖಚಿತ ಮಾಡಿಕೊಳ್ಳಲೆಂದು ಅವಳೇ ದೂರದ ಸಸ್ಯಶಾಸ್ತ್ರ ಸಂಸ್ಥೆಗೆ ಕಳಿಸಿದ್ದಳು.

ಅಲ್ಲಿಯ ತಜ್ಞೆ ನೆಲ್ಲಿ ಅರ್ಕಾದ್ಯೆವ್ನಾಗೆ ಫೋನು ಮಾಡಿದಳು. ಅಲ್ಲಿಯ ನಿಯಮ ಇವಳಿಗೆ ಗೊತ್ತಿಲ್ಲದ್ದೇನಲ್ಲ. ಬಂದ ಹಾವಸೆಯನ್ನು ಹೊಸ ಲಕೋಟೆಗೆ ಹಾಕಿ, ವಿವರ ನಕಲು ಮಾಡಿಕೊಂಡು, ಹಳೆಯ ಕಾಗದವನ್ನು ಬುಟ್ಟಿಗೆ ಎಸೆಯುತ್ತಾರೆ. ಕಳಿಸಿ ಎರಡು ತಿಂಗಳಾಗಿತ್ತು.

ನೆಲ್ಲಿ ಹೋಗಿ ಹುಡುಕಿ ಬರುವವರೆಗೆ ಅಕುಲೀನಾ ಫೋನು ಹಿಡಿದೇ ನಿಂತಿದ್ದಳು. ಆಗಲೂ ಅವಳ ಎದೆ ಹೊಡೆದುಕೊಳ್ಳಲಿಲ್ಲ. ಅದು ಅವಳಿಗೇ ವಿಚಿತ್ರವೆನಿಸಿತು.

"ಬೈಬೇಡಿ ಅಕುಲೀನಾ ಸ್ತೆಪಾನೊವ್ನಾ," ತಂದೆಯ ಹೆಸರು ಸೇರಿಸಿ ಮರ್ಯಾದೆಯಿಂದಲೇ ಎಂದಳು ನೆಲ್ಲಿ. "ನಿಮ್ಮದನ್ನ ನಾನಿನ್ನೂ ಬಿಚ್ಚೇ ಇಲ್ಲ. ಕೆಲಸ ಎಲ್ಲಾ ಹಿಂದೆ ಬಿದ್ದಿದೆ."

ಹಾಗೇ ವಾಪಸ್ಸು ಕಳಿಸಿ ಎಂದಳು ಅಕುಲೀನಾ.

ಚಳಿಗಾಲದ ತಿಂಗಳುಗಟ್ಟಲೆ ಕತ್ತಲು ಮುಗಿದು ಸೂರ್ಯ ಮರಳಿ ಮುಖ ತೋರಿಸಿದ ವಾರ ಟಪಾಲಿನ ವಿಮಾನ ಬಂತು. ಅವಳು ಪೆಟ್ಟಿಗೆಯನ್ನು ಒಡೆಯದೆ ಎವ್ದೋಕ್ಯಾಗೆ ಹೇಳಿಕಳಿಸಿದಳು. ನಾದಿನಿ ಮುಖ ಗಂಟಿಕ್ಕಿಕೊಂಡೇ ಬಂದು ಕಚೇರಿಯ ಮೇಜಿನ ಮುಂದೆ ಕೂತಳು. ಅಕುಲೀನಾ ಹಾವಸೆಯನ್ನು ತಟ್ಟೆಗೆ ಸುರಿದು, ನಾಲ್ಕನೆಯ ತುಂಡನ್ನು ಉಳಿದ ಮೂರರ ಪಕ್ಕ ಜೋಡಿಸಿ, ಓದು ಎಂದು ಅವಳ ಕಡೆ ಸರಿಸಿದಳು. ಎವ್ದೋಕ್ಯಾ ಮೇಲಿನಿಂದ ಓದುತ್ತ ಬಂದಳು. ಮೀನಿನ ಲೆಕ್ಕಕ್ಕೆ ಸ್ವಲ್ಪ ನಕ್ಕಳು ಕೂಡ. ಆಮೇಲೆ ಕೊನೆಯ ಸಾಲುಗಳು ಬಂದವು.

"ನಿನಗೊಂದು ಮಾತು ಹೇಳಬೇಕಿತ್ತು. ನಾನು ಯಾವತ್ತೂ ಒಂದೇ ಮಗ್ಗುಲು ಬರೆಯೋದು. ನೀನು ಗಮನಿಸಿದ್ದೀಯೋ ಇಲ್ಲವೋ. ಇನ್ನೊಂದು ಮಗ್ಗುಲು ನಿನ್ನ ಪಾಚಿಗೆ ಅಂತಲೇ ಬಿಡೋದು."

ಆ ಪತ್ರ ತನಗೆ ಬೇಕೆಂದು ಎವ್ದೋಕ್ಯಾ ಕೇಳುತ್ತಾಳೆಂದು ಅಕುಲೀನಾ ಕಾದಳು. ಅವಳು ಕೇಳಲಿಲ್ಲ. ನಾಲ್ಕನೆಯ ತುಂಡನ್ನು ಅತ್ತಿಗೆಯ ಮುಂದಕ್ಕೆ ತಳ್ಳಿದಳು.

"ಕಟ್ಟಿ ಅತ್ತಿಗೆ. ಅವನು ಕೊಟ್ಟಿದ್ದೇ ಅದಕ್ಕೆ."

ಅಕುಲೀನಾ ಹಾವಸೆಯನ್ನು ಕಾಗದದ ನಡುವೆ ಇಟ್ಟಳು. ಕೆಳಗಿನಿಂದ ಒಂದು ಮಡಿಕೆ, ಎರಡು ಪಕ್ಕಕ್ಕೆ ಎರಡು, ಮೇಲಿನಿಂದ ಮುಚ್ಚುವುದು. ನಿದ್ದೆಯಲ್ಲೂ ಮಾಡಬಲ್ಲ ಕೆಲಸ. ಹಳೆಯ ಗೆರೆಗಳು ಇನ್ನೂ ಹಾಗೇ ಇದ್ದವು. ಮೊದಲ ಮಡಿಕೆ ಹಾಕಿದಳು, ಎರಡನೆಯದಕ್ಕೆ ಕಾಗದವೇ ಕಾಣದಾಯಿತು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವಳಿಗೆ ಪೊಟ್ಟಣ ಕಟ್ಟಲು ಬರಲಿಲ್ಲ. ಎವ್ದೋಕ್ಯಾ ಅದನ್ನು ಕೈಯಿಂದ ತೆಗೆದುಕೊಂಡು, ತನಗೆ ತಿಳಿದ ಹಾಗೆ, ಸೊಟ್ಟಸೊಟ್ಟಗೆ ಮಡಿಸಿಕೊಟ್ಟಳು.