ಎಲೆ ಅಡಿಕೆ ಕೇಳುತ್ತಿದ್ದ ಬಾವಿ ಮೇಸ್ತ್ರಿ

ಎದುರಿಗೆ ಯಾರು ಬಂದರೂ ನಮ್ಮ ಬಾವಿ ಮೇಸ್ತ್ರಿಯ ಕಣ್ಣು ಮೊದಲು ಹೋಗುತ್ತಿದ್ದುದು ಅವರ ಜೇಬಿಗೆ. ಕಲ್ಲಿನ ಚೂರು ಬಡಿದು ಎಡಗಣ್ಣು ಅರ್ಧ ಮುಚ್ಚಿಹೋಗಿತ್ತು. ಬಲಗಣ್ಣು ಮಾತ್ರ ಅಂಗಿಜೇಬು, ಸೊಂಟ, ಪಂಚೆಯ ಮಡಿಕೆ ಎಲ್ಲವನ್ನೂ ತಡಕಿ ಆಮೇಲೆ ಮುಖಕ್ಕೆ ಬರುತ್ತಿತ್ತು. ಮೊದಲ ದಿನ ನನ್ನನ್ನು ಹಾಗೆ ನೋಡಿದಾಗ ಮೈಯೆಲ್ಲ ಉರಿದುಹೋಯಿತು. ನಾನೇನು ಕಳ್ಳನೇ?

ಅವರು ಜಗಳೂರಿನವರು. ಬಾವಿಯಲ್ಲಿ ಅಡ್ಡ ಬಂದ ಬಂಡೆ ಸಿಡಿಸುವುದು ಕೆಲಸ, ಅದಕ್ಕೆ ಪರವಾನಗಿ ಇತ್ತು. ನಾನು ಅವರ, ಬಂಡೆಗೆ ತೂತು ಕೊರೆಯುವ ಕಂಪ್ರೆಸರ್ ಟ್ರ್ಯಾಕ್ಟರ್ ಓಡಿಸುತ್ತಿದ್ದೆ, ಬಾವಿಗಿಳಿದು ವೈರು ಜೋಡಿಸುತ್ತಿದ್ದೆ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಕರೆದ ಕಡೆ ಹೋಗುತ್ತಿದ್ದೆವು. ಮದ್ದು ಹಾರಿಸಲು ಒಂದು ಸಣ್ಣ ಕೇಪು ಇರುತ್ತದೆ, ಕರೆಂಟು ತಾಗಿದರೆ ಸಿಡಿಯುವಂಥದ್ದು. ಅದು ಪೆಟ್ಟಿಗೆಯಿಂದ ಆಚೆ ಬರುವ ಮುಂಚೆ ಎಲ್ಲರ ಮೊಬೈಲೂ ಆಫ್ ಆಗಿ, ದೂರದ ಮರದ ಬುಡದ ಗೋಣಿಚೀಲ ಸೇರಬೇಕು.

"ಮೊಬೈಲಿಂದ ಕೇಪು ಹಾರತೈತೇನ್ರಿ?" ಅಂತ ಒಮ್ಮೆ ಕೇಳಿದೆ.

"ಹಾರಬಹುದು ಅಂತಾರೆ. ನಾನಂತೂ ನೋಡಿಲ್ಲ. ನಿನಗೆ ನೋಡೋ ಆಸೆ ಐತೇನು?" ಅಂದರು. ನನ್ನ ಮೊಬೈಲನ್ನೂ ಆಫ್ ಮಾಡಿ ಗೋಣಿಚೀಲಕ್ಕೆ ಹಾಕಿದೆ.

ಜನ ಒಂದು ಫೋನು ಕೊಟ್ಟು ಇನ್ನೊಂದನ್ನು ಬಚ್ಚಿಟ್ಟುಕೊಳ್ಳುತ್ತಾರೆ ಎಂಬುದು ಅವರ ಖಾಯಂ ಅನುಮಾನ. ದೊಡ್ಡವರ ಮೈ ತಡಕಲಾಗುವುದಿಲ್ಲವಲ್ಲ, ಅದಕ್ಕೇ, "ಒಂದು ಎಲೆ ಅಡಿಕೆ ಕೊಡ್ರಿ ಯಜಮಾನ್ರೇ" ಅನ್ನುವರು. ನಮ್ಮ ಕಡೆ ಹಾಗೆ ಕೇಳಿದರೆ ಸಂಚಿಯನ್ನೇ ಕೈಗೆ ಕೊಡುತ್ತಾರೆ. ಮೇಸ್ತ್ರಿ ಅದರ ಪದರಪದರಕ್ಕೂ ಬೆರಳಾಡಿಸಿ, ಒಂದು ಚೂರು ಬಾಯಿಗೆ ಹಾಕಿಕೊಂಡು ವಾಪಸು ಕೊಡುವರು. ಆಮೇಲೆ ಟ್ರ್ಯಾಕ್ಟರ್ ಹಿಂದೆ ಬಂದು ಉಗುಳುವರು. ಅಡಿಕೆ ಅಂದರೆ ಅವರಿಗೆ ತಲೆ ಸುತ್ತುತ್ತಿತ್ತು. ಊರವರು ಮಾತ್ರ ಅವರನ್ನು ಪುಕ್ಕಟೆ ಎಲೆ ಅಗಿಯುವ ಜಿಪುಣ ಅಂತ ಆಡಿಕೊಳ್ಳುತ್ತಿದ್ದರು.

ಒಮ್ಮೆ ಉಬ್ರಾಣಿ ಕಡೆಯ ತೋಟದ ಬಾವಿಯಲ್ಲಿ ಕೂತು ಕೇಪಿಗೆ ವೈರು ಜೋಡಿಸುತ್ತಿದ್ದೆ. ತೋಟದ ಯಜಮಾನರು ಆಗಷ್ಟೇ ಬಂದು ದಂಡೆಯ ಮೇಲೆ ನಿಂತರು. ಮೇಲಿನ ಮಾತು ನನಗೆ ಕೇಳುತ್ತಿತ್ತು.

"ಫೋನು ಮನ್ಯಾಗೆ ಇಟ್ಟು ಬಂದೀನಿ" ಅಂದರು ಯಜಮಾನರು.

"ಒಳ್ಳೇದಾತು. ಒಂದು ಎಲೆ ಅಡಿಕೆ ಕೊಡ್ರಿ."

"ಅಡಿಕೆ ಇಲ್ಲ ಮಾರಾಯ."

ಚನ್ನಗಿರಿ ಸೀಮೆಯ ಅಡಿಕೆ ಬೆಳೆಗಾರ, ಬಾಯಿ ತುಂಬ ಎಲೆ ಇಟ್ಟುಕೊಂಡು, ಅಡಿಕೆ ಇಲ್ಲ ಅನ್ನುವುದುಂಟೇ? ಮೇಸ್ತ್ರಿ ಬಾವಿಗೆ ಬಗ್ಗಿದರು. "ಏನೂ ಮುಟ್ಟಬ್ಯಾಡ. ಮೇಲೆ ಬಾ."

ನಾನು ಹತ್ತಿ ಬರುವಷ್ಟರಲ್ಲಿ ಯಜಮಾನರು ಸಿಡುಕಿಕೊಂಡೇ ಸಂಚಿ ಬಿಚ್ಚಿ ತೋರಿಸುತ್ತಿದ್ದರು. ಒಳಗೆ ಬಟನ್ ಫೋನು. "ಮಗಳು ಶಿವಮೊಗ್ಗದ ಆಸ್ಪತ್ರ್ಯಾಗೆ ಹೆರಿಗೆಗೆ ಅದಾಳೆ. ಯಾವಾಗ ಫೋನ್ ಬರತೈತೋ, ಹೆಂಗೆ ಬಿಟ್ಟು ಬರ್ಲಿ?"

"ಹಂಗಾದ್ರೆ ಊರಾಗೆ ಹೋಗಿ ಕುಂದ್ರಿ. ಇಲ್ಲಿ ಬ್ಯಾಡ."

"ನನ್ನ ತೋಟದಿಂದ ನನ್ನನ್ನೇ ಓಡಿಸ್ತೀಯೇನು?" ಅಂತ ಬೈಯುತ್ತಲೇ ಹೊರಟರು. ರಸ್ತೆ ಮುಟ್ಟುವ ಮುಂಚೆಯೇ ಫೋನು ಕೂಗಿತು. ದಂಡೆಯ ಮೇಲಿದ್ದ ನನಗೆ ಅದು ಕೇಳಿಸಿದಾಗ, ಆಗಷ್ಟೇ ನಾನು ಕೂತಿದ್ದ ಜಾಗವನ್ನು ಬಾವಿಗೆ ಬಗ್ಗಿ ನೋಡಿದೆ. ಮೇಸ್ತ್ರಿ ನನ್ನ ಕಡೆ ನೋಡಲೂ ಇಲ್ಲ. "ಇನ್ನೊಂದು ಇಟ್ಕಂಡಿಲ್ಲ ಅಂತ ಏನು ಗ್ಯಾರಂಟಿ?" ಅನ್ನುತ್ತ, ಅವರು ರಸ್ತೆಯ ತಿರುವು ದಾಟುವವರೆಗೂ ಕಾಯುತ್ತ ನಿಂತರು. ಮುಂದೆ ಆ ಭಾಗದಿಂದ ನಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಅವಮಾನ ಮಾಡುವ ಮೇಸ್ತ್ರಿ ಅಂತ ಯಜಮಾನರು ಸುದ್ದಿ ಹಬ್ಬಿಸಿದ್ದರು.

ಹೋದ ವರ್ಷ ಮೇಸ್ತ್ರಿ ದಮ್ಮಿನಿಂದ ತೀರಿಕೊಂಡರು. ಹೆತ್ತ ತಂದೆ ಸತ್ತಾಗಲೂ ನಾನು ಅಷ್ಟು ಅತ್ತಿರಲಿಲ್ಲ. ಮಣ್ಣಿಗೆ ಉಬ್ರಾಣಿ ಕಡೆಯ ಆ ಯಜಮಾನರೂ ಬಂದಿದ್ದರು. ಏನು ಜಗಳ ತೆಗೆಯಲು ಬಂದರೋ ಅಂತ ನಾನು ದೂರವೇ ನಿಂತಿದ್ದೆ. ಅವರಾಗಿಯೇ ಹತ್ತಿರ ಬಂದರು.

"ಅವತ್ತು ಅವರು ನಿನ್ನ ಕೂಗೋ ತನಕ, ಬಾವ್ಯಾಗೆ ಮನುಷ್ಯ ಇದ್ದಾನೆ ಅಂತ ನನಗೆ ಗೊತ್ತಿರಲಿಲ್ಲ ಕಣಪ್ಪ."

"ಅವರಿಗೆ ಗೊತ್ತಿತ್ತಲ್ರಿ" ಅಂದೆ.